ಬಿಳಿ ಗೋಡೆಯ ಬೆಲೆ

ಏಪ್ರಿಲ್ ೧೪, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ. ಎಷ್ಟರ ಮಟ್ಟಿಗೆ ಕ್ಷೇಮ ಅನ್ನುವುದು ಮುಂದೆ ಓದಿದರೆ ನಿನಗೇ ಗೊತ್ತಾಗುತ್ತದೆ.

ನಿನ್ನ ಫೋನು ಎತ್ತಲಿಲ್ಲ ಅನ್ನುವುದಕ್ಕೆ ಮೊದಲು ಒಂದು ಸುತ್ತು ಬೈದುಬಿಡು, ಆಮೇಲೆ ಓದು. ಫೋನು ಬಡಿದುಕೊಳ್ಳುವಾಗಲೆಲ್ಲ ನಾನು ಅದರ ಪಕ್ಕದಲ್ಲೇ ಕೂತಿದ್ದೆ. ಎತ್ತಿದರೆ ನೀನು ಕೇಳುವುದು ಒಂದೇ ಪ್ರಶ್ನೆ, ಅದಕ್ಕೆ ಒಂದೇ ಉಸಿರಿನಲ್ಲಿ ಕೊಡುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಎದುರಿಗಿದ್ದವರ ಬಾಯಿ ಮುಚ್ಚಿಸುವ ಅಕ್ಕನಿಗೆ ಬಾಯಿ ಕಟ್ಟಿಹೋಗಿತ್ತು ಅಂದರೆ ನೀನು ನಂಬುವುದಿಲ್ಲ. ನಂಬು.

ಗುಂಡಿ ನಿನಗೆ ಫೋನಿನಲ್ಲಿ ಏನು ಹೇಳಿದಳು ಅಂತ ಕೇಳಿಸಿಕೊಂಡೆ. "ಆಗ್ಲಿಲ್ಲ ಅಮ್ಮ" ಅಂದಳು, ಆಮೇಲೆ "ಹೂಂ, ಊಟ ಆಯ್ತು" ಅಂದಳು, ಇಟ್ಟುಬಿಟ್ಟಳು. ಹೆತ್ತವಳಿಗೆ ಅಷ್ಟು ಸಾಲದು. ಹತ್ತು ವರ್ಷದ ಹಿಂದೆ, ನಿನ್ನ ಹೊಲಿಗೆ ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನು ಕಪ್ಪು ಬಿಳಿ ಬೇರೆ ಮಾಡಿ ಜೋಡಿಸುತ್ತಿದ್ದ ಮಗುವನ್ನು ನೋಡಿ "ಇವಳನ್ನು ನನಗೆ ಕೊಡೇ" ಅಂತ ಕೇಳಿ ಕರೆದುಕೊಂಡು ಬಂದವಳು ನಾನು. ಗುಂಡಿ ಅಂತ ಹೆಸರಿಟ್ಟವಳೂ ನಾನೇ. ಹಾಗಾಗಿ ಲೆಕ್ಕ ಒಪ್ಪಿಸಬೇಕಾದವಳೂ ನಾನೇ.

ನಮ್ಮ ಗೋ ಆಟದ ಸಂಘದ ಶಾಲೆಗೆ ಈ ವರ್ಷ ಇದ್ದದ್ದು ಒಂದೇ ಜಾಗ. ಅಲ್ಲಿ ಸೇರಿದರೆ ಮಾತ್ರ ಮುಂದೆ ಆಟವನ್ನೇ ವೃತ್ತಿ ಮಾಡಿಕೊಳ್ಳಬಹುದು, ಇಲ್ಲದಿದ್ದರೆ ಭಾನುವಾರದ ಹವ್ಯಾಸ ಅಷ್ಟೆ. ಬರುವ ವರ್ಷಕ್ಕೆ ಗುಂಡಿಯ ವಯಸ್ಸು ದಾಟುತ್ತದೆ, ಇನ್ನು ಅವಳು ಅರ್ಜಿ ಹಾಕುವಂತಿಲ್ಲ. ಆಡಿದ ಪಂದ್ಯಗಳಲ್ಲಿ ಅವಳೂ ಬೇಕರಿಯವರ ಮಗನೂ ಸಮ ಸಮ ಬಂದರು. ಹಾಗೆ ಬಂದಾಗ ಬಾಯಿ ಪರೀಕ್ಷೆಯಲ್ಲಿ ತೀರ್ಮಾನವಾಗುತ್ತದೆ. ಆ ಬಾಯಿ ಪರೀಕ್ಷೆಯ ಕೊನೆಯ ಪ್ರಶ್ನೆಯಲ್ಲಿ ಅವಳು ಜಾರಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈ ಬಾಯಿ ಪರೀಕ್ಷೆ ಏನು ಅಂತ ಬಿಡಿಸಿ ಹೇಳಬೇಕು. ಮನೆಯಲ್ಲಿ ಇಬ್ಬರು ಆಟಗಾರರನ್ನು ಇಟ್ಟುಕೊಂಡೂ ನಿನಗೆ ಗೋ ಆಟದ ತಲೆಬುಡ ಗೊತ್ತಿಲ್ಲ. ನಾನು ಹೇಳಲು ಶುರು ಮಾಡಿದರೆ ನೀನು ಸೂಜಿಗೆ ದಾರ ಪೋಣಿಸಲು ಹೊರಡುತ್ತೀಯ. ಈಗ ಸೂಜಿ ಕೆಳಗಿಡು. ಗೆರೆ ಎಳೆದ ಒಂದು ಹಲಗೆ. ಒಬ್ಬರದು ಕಪ್ಪು ಕಲ್ಲು, ಇನ್ನೊಬ್ಬರದು ಬಿಳಿ. ಸರದಿಯ ಮೇಲೆ ಒಂದೊಂದೇ ಕಲ್ಲು ಇಡುತ್ತ ಹೋಗುವುದು. ಇಟ್ಟ ಕಲ್ಲನ್ನು ಮತ್ತೆ ಸರಿಸುವಂತಿಲ್ಲ. ಕೊನೆಯಲ್ಲಿ ಯಾರ ಕಲ್ಲುಗಳು ಹೆಚ್ಚು ಜಾಗವನ್ನು ಬಳಸಿ ಬೇಲಿ ಕಟ್ಟಿವೆಯೋ ಅವರು ಗೆದ್ದಂತೆ. ಇಷ್ಟೇ ಆಟ.

ಕೊನೆಯಲ್ಲಿ ಯಾರು ಮುಂದಿದ್ದಾರೆ ಅಂತ ಯಾರು ಬೇಕಾದರೂ ಎಣಿಸಿ ಹೇಳುತ್ತಾರೆ. ಕಷ್ಟ ಇರುವುದು ಶುರುವಿನಲ್ಲಿ. ಆಗ ಹಲಗೆಯ ಮೇಲೆ ಇರುವುದು ಬೆರಳೆಣಿಕೆಯ ಕಲ್ಲು, ಉಳಿದದ್ದೆಲ್ಲ ಬಯಲು. ಬಟ್ಟೆ ಇನ್ನೂ ಮೇಜಿನ ಮೇಲೆ ಬಿದ್ದಿದೆ, ಕತ್ತರಿ ಒಂದೆರಡು ಸಲ ಓಡಿದೆ, ಈ ಅಂಗಿ ಮೈಗೆ ಕೂರುತ್ತದೋ ಇಲ್ಲವೋ ಅಂತ ಆಗಲೇ ಹೇಳಬೇಕು. ಪರೀಕ್ಷೆಯಲ್ಲಿ ಕೇಳುವುದು ಇದನ್ನೇ. ಯಾವುದೋ ಆಟದ ಶುರುವನ್ನು ಜೋಡಿಸಿ ಮುಂದಿಡುತ್ತಾರೆ. ಯಾರು ಆಡಿದ್ದು ಅಂತ ಹೇಳುವುದಿಲ್ಲ. ಯಾರದು ಮೇಲುಗೈ, ಯಾಕೆ ಅಂತ ಹುಡುಗರು ಬಾಯಿಬಿಟ್ಟು ಹೇಳಬೇಕು.

ನಮ್ಮ ಅಮ್ಮ ಬಟ್ಟೆ ಕತ್ತರಿಸುತ್ತಿದ್ದದ್ದು ನೆನಪಿದೆಯಾ? ಟೇಪು ಕುತ್ತಿಗೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ, ಒಂದು ಸಲ ಮೇಲಿಂದ ಕೆಳಗೆ ನೋಡಿ, "ಎಡಗಡೆ ಭುಜ ಇಳಿಬಿದ್ದಿದೆ" ಅನ್ನುತ್ತಿದ್ದಳು. ನೀನು ಅಂಗಡಿ ವಹಿಸಿಕೊಂಡ ಮೇಲೆ ಎಲ್ಲವನ್ನೂ ಟೇಪಿನಲ್ಲಿ ಅಳೆಯಲು ಶುರು ಮಾಡಿದೆ. ಅಮ್ಮ ಒಂದು ವಾರ ನಿನ್ನ ಹತ್ತಿರ ಮಾತು ಬಿಟ್ಟಿದ್ದಳು. ನಾನು ಆಗ ನಿನ್ನ ಕಡೆ ಇದ್ದೆ, ಅದನ್ನೂ ನೆನಪಿಟ್ಟುಕೋ.

ನಮ್ಮ ಗುರುಗಳು ಕಲಿಸಿದ್ದು ಕಣ್ಣಳತೆ. ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು. ಕಲ್ಲುಗಳ ಗುಂಪನ್ನು ನೋಡಿ "ಇದು ದಪ್ಪ", "ಇದು ತೆಳು", "ಇದಕ್ಕೆ ಉಸಿರಿಲ್ಲ" ಅನ್ನುತ್ತಿದ್ದರು. ಹಲಗೆಯ ಒಂದು ಕಡೆ ಅಂಗೈ ಚಾಚಿ, ಒಲೆಯ ಶಾಖ ನೋಡುವ ಹಾಗೆ ನೋಡಿ, "ಈ ಕಡೆ ತಣ್ಣಗಿದೆ, ಇಲ್ಲಿಗೆ ಬಾ" ಅನ್ನುತ್ತಿದ್ದರು. ಅವರ ಒಂದು ಮಾತು ನಮ್ಮ ಪಾಲಿಗೆ ಕಾನೂನು: ಎದುರಾಳಿಯ ಮೂಲೆಗೆ ಶುರುವಿನಲ್ಲೇ ನುಗ್ಗಬಾರದು. ನುಗ್ಗಿದರೆ ಅಂಗೈಯಗಲ ಜಾಗ ಸಿಗುತ್ತದೆ, ನಿಜ. ಆದರೆ ನಿನ್ನನ್ನು ಅಲ್ಲೇ ಮೂಲೆಗೊತ್ತುತ್ತ ಅವನು ಹೊರಗಡೆ ಒಂದು ಗೋಡೆ ಕಟ್ಟಿಬಿಡುತ್ತಾನೆ. ಆ ಗೋಡೆ ಆಟ ಮುಗಿಯುವ ತನಕ ಅವನ ಕಡೆ ದುಡಿಯುತ್ತದೆ. "ಬಡಿಸುವ ಮೊದಲೇ ತಟ್ಟೆ ಹಿಡಿದು ಕೂತವನು" ಅಂತ ಗುರುಗಳು ನಗುತ್ತಿದ್ದರು.

ಈಗ ಯಂತ್ರ ಬಂದಿದೆ. ತನ್ನ ಜೊತೆ ತಾನೇ ಲೆಕ್ಕವಿಲ್ಲದಷ್ಟು ಆಟ ಆಡಿಕೊಂಡು ಕಲಿತದ್ದು. ಅದಕ್ಕೆ ದಪ್ಪವೂ ಇಲ್ಲ, ತೆಳುವೂ ಇಲ್ಲ. ಹಲಗೆ ತೋರಿಸಿದರೆ ಕಪ್ಪು ನೂರಕ್ಕೆ ಅರವತ್ತೆರಡು, ಬಿಳಿ ನೂರಕ್ಕೆ ಮೂವತ್ತೆಂಟು ಅನ್ನುತ್ತದೆ. ಯಾಕೆ ಅಂದರೆ ಉತ್ತರವಿಲ್ಲ. ಮತ್ತೆ ಕೇಳಿದರೆ ಮತ್ತೆ ಅರವತ್ತೆರಡು. ಅದು ಮೊದಲ ಕೆಲಸವಾಗಿ ಮಾಡುವುದೇ ಮೂಲೆಗೆ ನುಗ್ಗುವುದು. ಅಂಗೈಯಗಲದ ಜಾಗ ಕಿತ್ತುಕೊಂಡು, ಗೋಡೆ ಕಟ್ಟುವವನಿಗೆ ಗೋಡೆ ಬಿಟ್ಟು, ಎದ್ದು ಇನ್ನೊಂದು ಕಡೆ ಹೊರಟುಬಿಡುತ್ತದೆ. ಗೆಲ್ಲುತ್ತದೆ ಬೇರೆ! ಈಗಿನ ಮಕ್ಕಳೆಲ್ಲ ಹಾಗೇ ಆಡುತ್ತಾರೆ.

ನಾನು ನನ್ನ ಮನೆಯೊಳಗೆ ಅದನ್ನು ಬಿಟ್ಟುಕೊಳ್ಳಲಿಲ್ಲ. ಗುಂಡಿ ಒಮ್ಮೆ ಮೆತ್ತಗೆ ಕೇಳಿದ್ದಳು, "ಸುಮ್ನೆ ನೋಡೋದಕ್ಕೆ, ದೊಡ್ಡಮ್ಮ." ನಾನು, "ಉತ್ತರ ಮೊದಲೇ ನೋಡ್ಕೊಂಡು ಲೆಕ್ಕ ಮಾಡೋಳು ಲೆಕ್ಕ ಕಲಿಯಲ್ಲ. ಮೊದಲು ಕಣ್ಣು ಬರಲಿ" ಅಂದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ನೀನು ಬೆಳೆಸಿದ ಮೊದಲ ಏಳು ವರ್ಷದ ಫಲವೋ ಏನೋ, ಹಿರಿಯರಿಗೆ ಎದುರಾಡುವ ಚಾಳಿ ಅವಳಿಗೆ ಬರಲೇ ಇಲ್ಲ. ಮನೆಯಲ್ಲಿ ನನ್ನನ್ನು ನೀನು ತಾನು ಅಂತ ಏಕವಚನದಲ್ಲೇ ಗೋಳುಹೊಯ್ದುಕೊಳ್ಳುವವಳು, ಹಲಗೆಯ ಮುಂದೆ ಕೂತ ತಕ್ಷಣ "ನೀವು" ಅನ್ನುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ. ನನಗೆ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸರಿ, ಪರೀಕ್ಷೆಯ ದಿನ. ಸಂಘದ ಎರಡನೇ ಮಹಡಿ ನೀನು ನೋಡಿಲ್ಲ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ದಿನವಿಡೀ ಸುತ್ತಿಗೆಯ ಟಣ್ ಟಣ್. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಸುತ್ತಿಗೆ. ಉದ್ದ ಮೇಜಿನ ಹಿಂದೆ ಪರೀಕ್ಷಕರ ಮೂರು ಕುರ್ಚಿ, ಎದುರಿಗೆ ಹಲಗೆ, ಹಲಗೆಯ ಆ ಕಡೆ ಹುಡುಗರಿಗೆ ಒಂದು ಮುಕ್ಕಾಲಿ. ನಡುವಿನ ಕುರ್ಚಿ ನನ್ನದು. ಅದರ ಕೈ ಸವೆದು ಬಣ್ಣ ಹೋಗಿರುವುದು ನನ್ನ ಮೊಣಕೈಯಿಂದ. ಒಂದು ಕಡೆ ಸಂಘದ ಅಧ್ಯಕ್ಷರು, ಪಾಪ, ಊಟವಾದ ಮೇಲೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ. ಇನ್ನೊಂದು ಕಡೆ ಈಗಿನ ಚಾಂಪಿಯನ್. ಅವನಿಗೆ ನಾನು ಇಟ್ಟ ಹೆಸರು ಶೇಕಡಾ. ಚಹಾ ಹೇಗಿದೆ ಅಂದರೂ ನೂರಕ್ಕೆ ಇಷ್ಟು ಅನ್ನುವ ಪೈಕಿ. ಈ ವರ್ಷದಿಂದ ಉತ್ತರಗಳನ್ನು ಯಂತ್ರದ ಅಂಕಿಗೆ ಹೋಲಿಸಿ ನೋಡಬೇಕು ಅಂತ ಸಂಘದಲ್ಲಿ ಹಟ ಹಿಡಿದು ಗೆದ್ದವನೂ ಅವನೇ. ಒಂದು ಮಾತು ಒಪ್ಪಬೇಕು, ವಿನಯವಂತ. "ಮೇಡಂ, ಅಂಕಿ ಯಂತ್ರದ್ದು ಇರಲಿ. ಅದು ಯಾಕೆ ಅಂತ ಹೇಳೋದಕ್ಕೆ ನಮಗಿನ್ನೂ ನಿಮ್ಮ ಮಾತೇ ಬೇಕು" ಅಂತ ಸಭೆಯಲ್ಲಿ ಎಲ್ಲರೆದುರು ಅಂದಿದ್ದ. ನಾನು ಅದನ್ನು ಬೆಣ್ಣೆ ಹಚ್ಚುವ ಮಾತು ಅಂತ ತಳ್ಳಿಹಾಕಿದೆ.

ಗುಂಡಿ ನನ್ನ ತಂಗಿಯ ಮಗಳು, ಹಾಗಾಗಿ ಅವಳ ಸರದಿಯಲ್ಲಿ ನಾನು ಅಂಕ ಹಾಕುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ಅದು ನಿಯಮ, ಸರಿಯಾದ ನಿಯಮ. ಅವಳನ್ನು ಒಳಗೆ ಕರೆಯುವ ಮೊದಲು ಶೇಕಡಾ ನನ್ನ ಕಡೆ ಬಗ್ಗಿ, "ಮೇಡಂ, ಬೇಕಿದ್ರೆ ನೀವು ಸ್ವಲ್ಪ ಹೊತ್ತು ಆಚೆ ಕೂತ್ಕೋಬಹುದು. ಚಹಾ ತರಿಸ್ತೀನಿ" ಅಂದ.

ನನಗೆ ಪಿತ್ತ ನೆತ್ತಿಗೇರಿತು. ನಿನ್ನೆ ಮೊನ್ನೆ ಬಂದವನು ನನ್ನ ಕುರ್ಚಿಯಿಂದ ನನ್ನನ್ನೇ ಎಬ್ಬಿಸುತ್ತಾನಾ! "ನನ್ನ ಬಾಯಿಗೆ ಬೀಗ ಹಾಕ್ಕೋತೀನಿ. ಕುರ್ಚಿಗೆ ಬೀಗ ಹಾಕಬೇಡಪ್ಪ" ಅಂದೆ. ಅಧ್ಯಕ್ಷರು ಎಚ್ಚರವಾಗಿ ನಕ್ಕರು. ಶೇಕಡಾ ಗುಂಡಿಯನ್ನು ಕರೆದ.

ಗುಂಡಿ ಬಂದಳು. ನೀನು ಹೊಲಿದು ಕಳಿಸಿದ್ದೆಯಲ್ಲ, ಕತ್ತಿನ ತನಕ ಗುಂಡಿ ಇರುವ ಬೂದು ಅಂಗಿ, ಅದನ್ನೇ ಹಾಕಿಕೊಂಡಿದ್ದಳು. ಮುಕ್ಕಾಲಿಯ ಮೇಲೆ ನೆಟ್ಟಗೆ ಕೂತಳು. ಮೊದಲಿನ ಹಲಗೆಗಳಿಗೆಲ್ಲ ಎಷ್ಟು ಚೆನ್ನಾಗಿ ಹೇಳಿದಳು ಗೊತ್ತಾ? ಒಂದು ಕಡೆಯಂತೂ, "ಬಲಗಡೆ ಬಿಳಿ ಕಲ್ಲುಗಳು ನೋಡೋಕೆ ಚೆಂದ, ಆದ್ರೆ ಕೆಲಸಕ್ಕೆ ಬರಲ್ಲ. ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆ ಹಾಗೆ, ಯಾರೂ ಹಾಕ್ಕೊಳ್ಳಲ್ಲ" ಅಂದಳು. ಶೇಕಡಾ ನಕ್ಕು ತಲೆಯಾಡಿಸಿ ಬರೆದುಕೊಂಡ. ನನಗೆ ಒಂದು ಚಣ ಕಸಿವಿಸಿ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನಾಗಿದ್ದರೆ ಆ ಕಲ್ಲುಗಳನ್ನು ಹೊಗಳುತ್ತಿದ್ದೆ. ಮಕ್ಕಳು ಎಲ್ಲೆಲ್ಲೋ ಏನೇನೋ ಕೇಳಿಸಿಕೊಂಡಿರುತ್ತವೆ ಅಂತ ಅಂದುಕೊಂಡೆ.

ಆಮೇಲೆ ಕೊನೆಯ ಹಲಗೆ. ಶೇಕಡಾ ಕಲ್ಲುಗಳನ್ನು ಜೋಡಿಸುತ್ತಿದ್ದ. ಅರ್ಧ ಜೋಡಿಸುವಷ್ಟರಲ್ಲೇ ನನಗೆ ಗುರುತು ಸಿಕ್ಕಿತು. ನನ್ನ ಆಟ ಕಣೇ ಅದು! ನಾನು ಹರೆಯದಲ್ಲಿ ಗೆದ್ದ ಆ ದೊಡ್ಡ ಪಂದ್ಯ, ಅಮ್ಮ ಪತ್ರಿಕೆಯ ತುಣುಕು ಕತ್ತರಿಸಿ ಹೊಲಿಗೆ ಯಂತ್ರದ ಖಾನೆಯಲ್ಲಿ ಇಟ್ಟುಕೊಂಡಿದ್ದಳಲ್ಲ, ಅದೇ. ಎದುರಿಗೆ ಕಪ್ಪು ಕಲ್ಲು ಹಿಡಿದವರು ಆಗಿನ ಚಾಂಪಿಯನ್. ಯಾಕೋ ಏನೋ, ಶುರುವಿನಲ್ಲೇ ನನ್ನ ಮೂಲೆಗೆ ನುಗ್ಗಿದರು. ಅಲ್ಲಿಯ ಕೆಲಸವನ್ನಾದರೂ ಪೂರ್ತಿ ಮುಗಿಸಿದರಾ? ಇಲ್ಲ. ಹಾಕಬೇಕಾದ ಕಲ್ಲು ಹಾಕದೆ, ಅಂಚು ಮಡಚದೆ ಬಿಟ್ಟ ಬಟ್ಟೆಯ ಹಾಗೆ ಬಿಟ್ಟು ಬೇರೆ ಕಡೆ ಹೋದರು. ನೆರೆದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಾನು ಬಿಳಿ ಗೋಡೆ ಕಟ್ಟಿದೆ, ಆ ಗೋಡೆಗೆ ಒರಗಿ ಇಡೀ ಆಟ ಗೆದ್ದೆ. ಮುಗಿದ ಮೇಲೆ ಆ ಹಿರಿಯರು, "ತಂಗೀ, ಗೆದ್ದಿದ್ದು ನೀನೇ. ಆದ್ರೆ ಶುರು ನಂದೇ ಚೆನ್ನಾಗಿತ್ತು" ಅಂದರು. ಸೋತವರ ಮಾತು ಅಂತ ಎಲ್ಲರೂ ನಕ್ಕರು. ಗುರುಗಳು ಆ ಶುರುವನ್ನು ಪಾಠದ ಪುಸ್ತಕಕ್ಕೆ ಸೇರಿಸಿ, ಕೆಳಗೆ ಎರಡು ಸಾಲು ಬರೆದರು: "ಬಿಳಿಯ ಗೋಡೆ ದಪ್ಪ. ಕಪ್ಪು ಕಾಳು ಹೆಕ್ಕಿತು, ಬಿಳಿ ಹೊಲ ಪಡೆಯಿತು."

ಗುಂಡಿಗೆ ನಾನು ಮೊದಲು ಕಲಿಸಿದ ಆಟವೇ ಅದು. ನನ್ನ ಮೊದಲ ಪಾಠವೇ ಅವಳ ಕೊನೆಯ ಪ್ರಶ್ನೆಯಾಗಿ ಬಂದಿತ್ತು. ನನ್ನ ಖುಷಿ ಕೇಳಬೇಡ. ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಅಂದಿದ್ದೆ, ಮುಖಕ್ಕೆ ಹಾಕಿಕೊಳ್ಳುವುದು ಹೇಗೆ? ಇಷ್ಟಗಲ ನಗುತ್ತ ಕೂತಿದ್ದೆ.

ಅವಳು ಹಲಗೆಯನ್ನು ತುಂಬ ಹೊತ್ತು ನೋಡಿದಳು. ಕೆಳಗೆ ಸುತ್ತಿಗೆಯವನೂ ನಿಲ್ಲಿಸಿದ್ದ. ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಹಲಗೆಯ ಕಡೆ ನೋಡದೆಯೇ ಹೇಳಿದಳು, "ಬಿಳಿ ಚೆನ್ನಾಗಿದೆ. ಬಿಳಿಯ ಗೋಡೆ ದಪ್ಪ. ಕಪ್ಪು ಕಾಳು ಹೆಕ್ಕಿತು, ಬಿಳಿ ಹೊಲ ಪಡೆಯಿತು."

ಶೇಕಡಾ, "ಇನ್ನೇನಾದ್ರೂ ಸೇರಿಸ್ತೀರಾ?" ಅಂತ ಕೇಳಿದ. ಅವನ ದನಿಯಲ್ಲಿ ಒಂದು ಥರ ಬೇಡಿಕೆ ಇತ್ತು, ಈಗ ಯೋಚಿಸಿದರೆ ಅನಿಸುತ್ತದೆ. ಅವಳು ಇಲ್ಲ ಅಂತ ತಲೆಯಾಡಿಸಿದಳು.

ಬೇಕರಿಯವರ ಮಗ ಬಂದು ಅದೇ ಹಲಗೆ ನೋಡಿ ಆಕಳಿಸಿದ. "ಕಪ್ಪು. ಮೂಲೆ ಕೈಲಿದೆ, ಮುಂದಿನ ಸರದಿಯೂ ಕಪ್ಪಿಂದೇ. ಗೋಡೆ ಅನ್ನೋದು ಬರೀ ಹೆಸರಿಗೆ" ಅಂದ. ಯಂತ್ರ ಕಪ್ಪಿಗೆ ಕೊಟ್ಟಿದ್ದು ಅರವತ್ತೆರಡು. ಅಲ್ಲಿಗೆ ಮುಗಿಯಿತು.

ಮೆಟ್ಟಿಲಿನ ಮೇಲೆ ಶೇಕಡಾನನ್ನು ಹಿಡಿದು ನಿಲ್ಲಿಸಿದೆ. "ನನ್ನ ಮಾನ ಕಳೀಬೇಕು ಅಂತಲೇ ಆ ಆಟ ಹುಡುಕಿದ್ಯಾ?" ಅಂದೆ.

"ಯಾರ ಆಟ ಮೇಡಂ ಅದು?" ಅಂದ. ನಾಟಕವಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಪುಸ್ತಕ ಒಂದು ಹೇಳಿ ಯಂತ್ರ ಇನ್ನೊಂದು ಹೇಳುವ ಶುರುಗಳನ್ನು ಹಳೆಯ ಆಟಗಳ ರಾಶಿಯಿಂದ ಆರಿಸಿ ತೆಗೆದಿದ್ದನಂತೆ. ನನ್ನದು ಅಂತ ಹೇಳಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು. "ಗೊತ್ತಿದ್ರೆ ಖಂಡಿತ ತೆಗೆದುಹಾಕ್ತಿದ್ದೆ. ಜೋಡಿಸುವಾಗ ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?" ಅಂದ. ನನ್ನ ಜೀವಮಾನದ ದೊಡ್ಡ ಆಟ ಈಗಿನವರ ಪಾಲಿಗೆ ಹೆಸರಿಲ್ಲದ ಒಂದು ಹಲಗೆ. ಯಾವ ಗಾಯಕ್ಕೆ ಮೊದಲು ಮುಲಾಮು ಹಚ್ಚಿಕೊಳ್ಳಲಿ ಅಂತ ತಿಳಿಯದೆ ಕೊಡೆ ಅಲ್ಲೇ ಮರೆತು ಬಂದೆ.

ಈಗ ನೀನು ಹೇಳು, ಇದರಲ್ಲಿ ಮಗುವಿನ ತಪ್ಪೇನಿದೆ? ಕಲಿಸಿದ್ದನ್ನು ಹೇಳಿದಳು. ತಪ್ಪು ಯಂತ್ರದ್ದು ಅಂತ ನಾನು ಈ ವಾರವಿಡೀ ಕೂಗಾಡಿದ್ದೇನೆ. ಹಾಲಿನವಳ ಹತ್ತಿರ ಕೂಡ ಕೂಗಾಡಿದೆ. ಅವಳು "ಹೌದಾ ಅಮ್ಮ, ಯಂತ್ರ ಕೆಟ್ಟೋಗಿದ್ರೆ ರಿಪೇರಿ ಮಾಡ್ಸಿ" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಅಂದುಕೋ.

ಗುಂಡಿ ಅಳಲಿಲ್ಲ. ಊಟ ಮಾಡುತ್ತಾಳೆ, ಗಿಡಕ್ಕೆ ನೀರು ಹಾಕುತ್ತಾಳೆ, ನನ್ನ ಕೊಡೆಯನ್ನೂ ಹೋಗಿ ತಂದಳು. ಮುಂದಿನ ತಿಂಗಳು ನಿನ್ನ ಹತ್ತಿರ ಬರುತ್ತಾಳಂತೆ. "ಅಮ್ಮನ ಜೊತೆ ಅಂಗಡಿಯಲ್ಲಿ ಕೂರ್ತೀನಿ, ಸಂಜೆ ಕಾಲೇಜು" ಅನ್ನುತ್ತಾಳೆ. ಅವಳ ಕಲ್ಲಿನ ಡಬ್ಬಿಗಳನ್ನು ಒರೆಸಿ ನನ್ನ ಕಪಾಟಿನಲ್ಲಿ ಇಟ್ಟಿದ್ದಾಳೆ. ತೆಗೆದುಕೊಂಡು ಹೋಗೇ ಅಂದರೆ, "ಇಲ್ಲೇ ಇರಲಿ, ಬಂದಾಗ ಆಡೋಣ" ಅನ್ನುತ್ತಾಳೆ. ಅವಳು ಬಂದ ಮೇಲೆ ಆಟದ ಮಾತು ನೀನಾಗಿ ಎತ್ತಬೇಡ. ಎತ್ತಿದರೆ ಕೇಳಿಸಿಕೋ. ಈ ಸಲವಾದರೂ ಸೂಜಿಗೆ ದಾರ ಪೋಣಿಸಬೇಡ.

ನಿಮ್ಮ ಯಜಮಾನರ ಬೆನ್ನುನೋವು ಹೇಗಿದೆ? ಬಗ್ಗಿ ಬಟ್ಟೆ ಗಂಟು ಎತ್ತುವುದು ಬೇಡ ಅಂತ ನಾನು ಹೇಳಿದೆ ಅಂತ ಹೇಳು, ನಿನ್ನ ಮಾತಂತೂ ಕೇಳುವವರಲ್ಲ. ನಿನ್ನ ಕಣ್ಣಿಗೂ ಹೊಸ ಕನ್ನಡಕ ಮಾಡಿಸಿಕೋ. ದೇವರು ನಿಮ್ಮೆಲ್ಲರಿಗೂ ಆಯಸ್ಸು ಆರೋಗ್ಯ ಕೊಟ್ಟು ಕಾಪಾಡಲಿ. ನಿನ್ನ ಕೈಯ ಕತ್ತರಿ ಯಾವತ್ತೂ ದಾರಿ ತಪ್ಪದಿರಲಿ.

ಇಂತಿ ನಿನ್ನ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಮೂಲೆ ಹರಿದಿರುವುದು ಅದಕ್ಕೇ. ಇಷ್ಟುದ್ದ ಬರೆದು, ಬರೆಯಬೇಕಾದದ್ದನ್ನೇ ಬರೆಯಲಿಲ್ಲ.

ನಿನ್ನೆ ಮಧ್ಯಾಹ್ನ ನನ್ನ ಕೋಪ ಇನ್ನೂ ಇಳಿದಿರಲಿಲ್ಲ. ಆ ಹಾಳು ಹಲಗೆಯನ್ನು ನಾನೇ ಜೋಡಿಸಿದೆ. "ಬಾರೇ ಗುಂಡಿ. ಆ ಅರವತ್ತೆರಡು ಎಲ್ಲಿದೆ ನೋಡೇಬಿಡೋಣ. ಬಿಳಿ ನನಗೆ, ಕಪ್ಪು ನೀನು ಹಿಡಿ" ಅಂದೆ. ಅವಳು "ಬೇಡ ಬಿಡಿ" ಅಂದಳು. ನಾನು ಬಿಡಲಿಲ್ಲ. ಕೂತಳು.

ನನ್ನ ಗೋಡೆ ಮುರಿಯಿತು ಕಣೇ. ಎಲ್ಲಿ ಅಂದುಕೊಂಡೆ? ಆ ಹಿರಿಯರು ಹೊಲಿಯದೆ ಬಿಟ್ಟುಹೋಗಿದ್ದರಲ್ಲ, ಅಲ್ಲೇ. ಅವರು ಬಿಟ್ಟದ್ದು ಆತುರದಿಂದಲ್ಲ, ಆ ಕಲ್ಲು ಹಾಕಿದ್ದರೆ ಅದಕ್ಕೆ ನಾನು ಇಡುವ ಉತ್ತರದ ಕಲ್ಲಿನಿಂದಲೇ ನನ್ನ ಗೋಡೆಯ ಬಿರುಕು ಮುಚ್ಚಿಹೋಗುತ್ತಿತ್ತು. ಗುಂಡಿ ಆ ಬಿರುಕಿಗೆ ಒಂದು ಕಲ್ಲು ಇಟ್ಟಳು. ಯೋಚನೆಯೇ ಮಾಡಲಿಲ್ಲ, ಕತ್ತಲೆಯಲ್ಲಿ ಸ್ವಿಚ್ಚು ಹುಡುಕದೆ ಒತ್ತುವವರ ಹಾಗೆ ಇಟ್ಟಳು. ನಾನು ಇನ್ನೊಂದು ಥರ ಆಡಿದೆ, ಅದಕ್ಕೂ ಅವಳ ಉತ್ತರ ಸಿದ್ಧ. ಮತ್ತೊಂದು ಥರ, ಅದಕ್ಕೂ. ಆಗ ನನಗೆ ಹೊಳೆಯಿತು. ಇದು ಈ ವಾರ ಕಲಿತದ್ದಲ್ಲ.

"ಯಾವಾಗಿಂದ?" ಅಂತ ಕೇಳಿದೆ.

"ಲೈಬ್ರರಿಯ ಕಂಪ್ಯೂಟರಿನಲ್ಲಿ ನೋಡ್ತಿದ್ದೆ. ತುಂಬ ದಿನ ಆಯ್ತು. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

"ಈ ಆಟಾನೂ ನೋಡಿದ್ಯಾ?"

"ಮೊದಲು ನೋಡಿದ್ದೇ ಇದನ್ನ. ನೀವೇ ಸರಿ ಅಂತ ಬರುತ್ತೆ ಅಂದ್ಕೊಂಡಿದ್ದೆ."

ಅಂದರೆ ಅವತ್ತು ಆ ಮುಕ್ಕಾಲಿಯ ಮೇಲೆ ಕೂತಾಗ ಅವಳಿಗೆ ಉತ್ತರ ಗೊತ್ತಿತ್ತು. ಬೇಕರಿಯವರ ಮಗನಿಗಿಂತ ಚೆನ್ನಾಗಿ ಗೊತ್ತಿತ್ತು. ಅಂಕಿಯೂ ಗೊತ್ತಿತ್ತು, ಯಾಕೆ ಅನ್ನುವುದೂ ಗೊತ್ತಿತ್ತು. "ಮತ್ಯಾಕೆ ಹೇಳಲಿಲ್ಲ?" ಅಂತ ನಾನು ಚೀರಿದೆ. ಅವಳು ಕಪ್ಪು ಕಲ್ಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ, ಹಲಗೆಯ ಮುಂದೆ ಕೂತಿದ್ದೇನೆ ಅನ್ನುವುದನ್ನೂ ಮರೆತು, "ನೀನು ಎದುರಿಗೆ ಕೂತಿದ್ದೆಯಲ್ಲ ದೊಡ್ಡಮ್ಮ. ಅಷ್ಟು ನಗ್ತಾ ಇದ್ದೆ" ಅಂದಳು.

ಚಪ್ಪಲಿ ಹಾಕಿಕೊಂಡು ಆಗಲೇ ಸಂಘಕ್ಕೆ ಹೊರಟೆ. ಇವಳಿಗೆ ಗೊತ್ತಿತ್ತು, ಇನ್ನೊಮ್ಮೆ ಕೇಳಿ ಅಂತ ಅವರ ಕಾಲು ಹಿಡಿಯಲೂ ತಯಾರಿದ್ದೆ. ಅವಳು ಬಾಗಿಲಿಗೆ ಅಡ್ಡ ನಿಂತಳು. "ಇಟ್ಟ ಕಲ್ಲು ಇಟ್ಟದ್ದೇ. ನೀವೇ ಕಲಿಸಿದ್ದು" ಅಂದಳು. ಹತ್ತು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಅದೊಂದೇ ಸಲ. ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತೆ.

ಪರೀಕ್ಷೆಯ ಹಿಂದಿನ ವಾರ ನೀನು ಫೋನು ಮಾಡಿ, "ಅಕ್ಕಾ, ಅವತ್ತು ನೀನೂ ಅಲ್ಲಿ ಕೂತ್ಕೋಲೇಬೇಕಾ?" ಅಂತ ಕೇಳಿದ್ದೆ. ನಿನಗೆ ಆಟ ಬರುವುದಿಲ್ಲ, ನಿನ್ನ ಮಗಳು ಗೊತ್ತು. "ನಾನೇನು ಹುಲಿಯಾ, ತಿನ್ನೋದಕ್ಕೆ?" ಅಂತ ನಾನು ನಕ್ಕು ಫೋನು ಇಟ್ಟಿದ್ದೆ.

ಅವಳನ್ನು ಏನೂ ಅನ್ನಬೇಡ ತಂಗಿ. ಸೋತಳು ಅಂತ ಮಾತ್ರ ಯಾರ ಹತ್ತಿರವೂ ಹೇಳಬೇಡ. ನಾನು ಎದ್ದು ಆಚೆ ಹೋಗಿ ಒಂದು ಲೋಟ ಚಹಾ ಕುಡಿದಿದ್ದರೆ ಸಾಕಿತ್ತು, ನಿನ್ನ ಮಗಳು ಗೆದ್ದಿರುತ್ತಿದ್ದಳು.